ಟ್ವೀಡ್ ಬಟ್ಟೆಯೂ ಗೃಹಾಲಂಕಾರವೂ

ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿರುವ ಹ್ಯಾರಿಸ್, ಲೂಯಿಸ್ ಮೊದಲಾದ ದ್ವೀಪಗಳಲ್ಲಿ ನೇಯಲ್ಪಡುವ ಹ್ಯಾರಿಸ್ ಟ್ವೀಡೆಂಬ ಉಣ್ಣೆಯ ಬಟ್ಟೆಯು ಕೋಟುಗಳಿಗೆ ಮಾತ್ರ ಯೋಗ್ಯವೆಂದು ಅನೇಕರು ಭಾವಿಸುವರು. ಆದರೆ ಆ ಶೀತದೇಶದ ಮನೆಗಳಲ್ಲಿ ಅದು ಕುರ್ಚಿಗಳಿಗೆ ಹೊದಿಕೆಯಾಗಿಯೂ ದಿಂಬುಗಳಿಗೆ ಗವಸಾಗಿಯೂ ಉಪಯೋಗವಾಗುತ್ತದೆ. ಕಿಟಕಿಗೆ ಪರದೆಯಾಗಿ ಕಟ್ಟಿದರೆ ಸಂದುಗಳಿಂದ ನುಗ್ಗುವ ಚಳಿಗಾಳಿಯನ್ನು ತಡೆಯುವುದು.

ಇದರ ಸೊಬಗೆಲ್ಲ ಬಣ್ಣದಲ್ಲಿದೆ. ಉಣ್ಣೆಯನ್ನು ನೂಲುವುದಕ್ಕೆ ಮೊದಲೇ ಬಣ್ಣದಲ್ಲಿ ಅದ್ದಿ, ಬೇರೆ ಬೇರೆ ಬಣ್ಣಗಳನ್ನು ಬೆರಸಿ ನೂಲುವುದರಿಂದ, ದೂರಕ್ಕೆ ಕಂದಾಗಿ ಕಾಣುವ ಬಟ್ಟೆಯನ್ನು ಹತ್ತಿರ ಹಿಡಿದರೆ ಹಸುರು, ನೀಲಿ, ಹಳದಿಯ ಎಳೆಗಳು ತೋರುವುವು. ಪೂರ್ವದಲ್ಲಿ ಅಲ್ಲಿಯ ಸ್ತ್ರೀಯರು ಬಂಡೆಗಳ ಮೇಲಿನ ಕಲ್ಲುಹೂವನ್ನು (ಇದು ನಮ್ಮ ಅಡಿಗೆಯ ಮಸಾಲೆಯ ಕಲ್ಲುಹೂವಿನ ಕುಲದ್ದೇ) ಕೆರೆದು ಕುದಿಸಿ ಕೆಂಗಂದು ಬಣ್ಣವನ್ನು ತೆಗೆಯುತ್ತಿದ್ದರು. ಇಂತಹ ಬಟ್ಟೆಯ ಪಕ್ಕದಲ್ಲಿ ಹೂಬಳ್ಳಿಯ ಚಿತ್ರಗಳುಳ್ಳ ಬಟ್ಟೆಯನ್ನು ಹರಡುವುದು ನಮಗೆ ಒಪ್ಪಿಗೆಯಿಲ್ಲ. ಬಿಳಿಯ ಗೋಡೆ, ಮರದ ಪೀಠ, ಒಂದೆರಡು ದಿಂಬುಗಳಿದ್ದರೆ ಸಾಕು.

ಕೊಳ್ಳುವವರು ಗೋಲದ ಮೇಲೆ ಶಿಲುಬೆಯುಳ್ಳ ಮುದ್ರೆಯನ್ನು ನೋಡತಕ್ಕದ್ದು. 1993ರ ಶಾಸನದ ಪ್ರಕಾರ, ಆ ದ್ವೀಪಗಳಲ್ಲಿಯೇ ಬಣ್ಣ ಹಾಕಿ ನೂತ ಶುದ್ಧವಾದ ಹೊಸ ಉಣ್ಣೆಯಿಂದ ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಮಗ್ಗದಿಂದ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಯಂತ್ರದ ಅನುಕರಣವು ಅದೇ ಹೆಸರಿನಿಂದ ಅಗ್ಗವಾಗಿ ಮಾರಾಟವಾದರೆ ಆ ನೇಕಾರರ ಮನೆಯ ಒಲೆಯು ಆರುವುದು.

ನುಸಿಯೇ ಈ ಬಟ್ಟೆಯ ಶತ್ರು. ಮಡಿಸಿ ಕತ್ತಲಲ್ಲಿ ಇಟ್ಟು ಮರೆಯದೆ, ಆಗಾಗ ಬ್ರಷಿನಿಂದ ಉಜ್ಜಿ ಗಾಳಿಗೆ ಹಾಕಬೇಕು. ಮಳೆಗಾಲ ಕಳೆದ ಮೇಲೆ ಪೆಟ್ಟಿಗೆಯಿಂದ ಕುರಿಯ ಕಂಬಳಿಯನ್ನು ತೆಗೆದು ನೋಡಿದವರಿಗೆ ಈ ಕಷ್ಟವು ಗೊತ್ತೇ ಇದೆ.