ಲಕ್ಷ ಕರೆ, ಓಗೊಡುವವರಿಲ್ಲ

ಒಂದು ಲಕ್ಷ! ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ತಾಳ್ಮೆಗೂ ಒಂದು ಅಳತೆ ಇದೆ, ಅದನ್ನು ಅಂಕಿಯಲ್ಲೇ ಬರೆದಿಟ್ಟಿದ್ದಾರೆ. ಒಂದೇ ಸಾಲಿನಲ್ಲಿ 1,00,000 ಕರೆ ಬಂದು, ಅವುಗಳಲ್ಲಿ 99,900ಕ್ಕೂ ಹೆಚ್ಚು ಕರೆಗಳಿಗೆ ‘ಇದು ನನ್ನದು’ ಎನ್ನುವವರು ಯಾರೂ ಸಿಗದಿದ್ದರೆ, ಆಗ ಮಾತ್ರ ಕರ್ನಲ್ ಆ ಸಾಲನ್ನು ಮುಚ್ಚುತ್ತದೆ. ಮುಚ್ಚುವಾಗ ಪರದೆಯ ಮೇಲೆ ಬರೆದು ಹೋಗುತ್ತದೆ: ‘ಐಆರ್‌ಕ್ಯೂ 9: ನೋಬಡಿ ಕೇರ್ಡ್’. ಲ್ಯಾಪ್‌ಟಾಪ್ ಆನ್ ಮಾಡಿದಾಗ ಕಪ್ಪು ಪರದೆ ಹಾಗೇ ನಿಂತು, ಫ್ಯಾನ್ ಮಾತ್ರ ಭೋರೆನ್ನುತ್ತಿದ್ದರೆ ನಾವು ಅದು ಸತ್ತಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಸತ್ತಿರುವುದಿಲ್ಲ. ಬಂದ ಕರೆಗಳಿಗೆಲ್ಲ ಓಡಿ ಓಡಿ, ಬೇರೆ ಯಾವ ಕೆಲಸಕ್ಕೂ ಪುರುಸೊತ್ತಿಲ್ಲದೆ ಏದುಸಿರು ಬಿಡುತ್ತಿರುತ್ತದೆ!

ಈ ಕರೆಗೇ ಇಂಟರಪ್ಟ್ ಎನ್ನುವುದು. ಅದನ್ನು ಕಣ್ಣಾರೆ ಕಾಣಬೇಕಾದರೆ ತುಮಕೂರಿನ ಕ್ಯಾತ್ಸಂದ್ರಕ್ಕೆ ಬನ್ನಿ. ಬೆಂಗಳೂರು ಹೆದ್ದಾರಿಯ ವಾಹನಗಳೆಲ್ಲ ಬೆಳಿಗ್ಗೆ ತಟ್ಟೆ ಇಡ್ಲಿಗೆಂದು ನಿಲ್ಲುವ ಹೊತ್ತಿನಲ್ಲಿ ಯಾವುದಾದರೂ ಹೋಟೆಲಿನ ಸಪ್ಲೈಯರನ್ನು ನೋಡಿ. ಅವನು ಪ್ರತಿ ಟೇಬಲಿಗೂ ಹೋಗಿ ‘ಏನು ಬೇಕು, ಏನು ಬೇಕು’ ಎಂದು ಸುತ್ತುತ್ತಿದ್ದರೆ ಇಡ್ಲಿ ಆರಿ ತಣ್ಣಗಾಗುತ್ತದೆ. ಅವನು ತನ್ನ ಕೆಲಸದಲ್ಲಿರುತ್ತಾನೆ. ಯಾರೋ ‘ಚಟ್ನಿ’ ಎನ್ನುತ್ತಾರೆ, ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಓಡುತ್ತಾನೆ, ಬಡಿಸಿ ಬಂದು ಬಿಟ್ಟಲ್ಲಿಂದ ಮುಂದುವರಿಸುತ್ತಾನೆ. ಪ್ರೊಸೆಸರ್ ಮಾಡುವುದೂ ಅಕ್ಷರಶಃ ಇದನ್ನೇ. ಕೀ ಒತ್ತಿದಿರೋ, ಬೆರಳು ಟಚ್‌ಪ್ಯಾಡ್ ಸವರಿತೋ, ಡಿಸ್ಕಿನಿಂದ ಓದಿದ್ದು ಬಂದು ತಲುಪಿತೋ, ಆ ಕ್ಷಣ ಇದ್ದಲ್ಲಿಗೆ ಗುರುತಿಟ್ಟು ಓಡುತ್ತದೆ. ಅದೂ ಸೆಕೆಂಡಿಗೆ ಸಾವಿರಾರು ಸಲ!

ಈ ಓಟವನ್ನು ಮೊದಲು ಶಿಸ್ತಿಗೆ ತಂದವರ ಎದೆಗಾರಿಕೆ ನೆನೆದರೆ ಮೈ ಜುಮ್ಮೆನ್ನುತ್ತದೆ. ನೆದರ್‌ಲ್ಯಾಂಡ್ಸಿನ ಎಡ್ಸ್ಗರ್ ಡೈಕ್‌ಸ್ಟ್ರಾ 1959ರಲ್ಲಿ ಡಾಕ್ಟರೇಟ್ ಪಡೆದದ್ದು ಈ ವಿಷಯದ ಮೇಲೆಯೇ. ಎಲೆಕ್ಟ್ರೊಲಾಜಿಕಾ ಎಕ್ಸ್1 ಎಂಬ ಯಂತ್ರಕ್ಕೆ ಇಂಟರಪ್ಟ್ ನಿಭಾಯಿಸುವ ಪ್ರೋಗ್ರಾಂ ಬರೆಯಲು ಅವರಿಗೇ ಮೊದಲು ಅಳುಕಿತ್ತು. ಕರೆ ಯಾವ ಕ್ಷಣದಲ್ಲಿ ಬರುತ್ತದೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಆಗುವ ತಪ್ಪು ಇನ್ನೊಮ್ಮೆ ತೋರು ಎಂದರೆ ತೋರುವುದಿಲ್ಲ. ‘ಒಮ್ಮೊಮ್ಮೆ ಆನ್ ಆಗುತ್ತೆ, ಒಮ್ಮೊಮ್ಮೆ ಆಗಲ್ಲ’ ಎಂದು ಇವತ್ತು ರಿಪೇರಿ ಅಂಗಡಿಯಲ್ಲಿ ಹೇಳುತ್ತೇವಲ್ಲ, ಅದೇ ಭೂತಕ್ಕೆ ಅವರು ಅಂಜಿದ್ದು.

1981ರ ಐಬಿಎಂ ಪಿಸಿಯಲ್ಲಿ ಕರೆ ಹೊತ್ತು ತರುವ ಸಾಲುಗಳು, ಅಂದರೆ ಐಆರ್‌ಕ್ಯೂಗಳು, ಇದ್ದದ್ದು ಎಂಟೇ. 1984ರಲ್ಲಿ ಇನ್ನೊಂದು ಚಿಪ್ ಜೋಡಿಸಿ ಹದಿನೈದಾದವು. ಸೊನ್ನೆಯದು ಟೈಮರಿಗೆ, ಒಂದನೆಯದು ಕೀಬೋರ್ಡಿಗೆ. ನಲವತ್ತು ವರ್ಷ ಕಳೆದರೂ ಇವತ್ತಿನ ಲ್ಯಾಪ್‌ಟಾಪಿನ ಕೀಬೋರ್ಡ್ ಬಹಳ ಸಲ ಅದೇ ಒಂದನೆಯ ಸಾಲಿನಲ್ಲೇ ಕೂತಿದೆ! ಸಾಧನಗಳು ಹೆಚ್ಚಾದಂತೆ ಒಂದೊಂದು ಸಾಲನ್ನು ಮೂರು ನಾಲ್ಕು ಸಾಧನಗಳು ಹಂಚಿಕೊಂಡವು. ಕರೆ ಬಂದಾಗ ಕರ್ನಲ್ ಪ್ರತಿ ಡ್ರೈವರನ್ನೂ ‘ನಿನ್ನದೇ?’ ಎಂದು ಕೇಳುತ್ತದೆ. ಎಲ್ಲರೂ ‘ನನ್ನದಲ್ಲ’ ಎಂದರೆ ಆ ಕರೆ ಅನಾಥ. ಆಮೇಲೆ ಬಂದ ಎಂಎಸ್‌ಐ ಎಂಬ ಪದ್ಧತಿಯಂತೂ ಬೆರಗು ಹುಟ್ಟಿಸುತ್ತದೆ: ಪ್ರತ್ಯೇಕ ತಂತಿಯೇ ಇಲ್ಲ, ಸಾಧನವು ಮೆಮೊರಿಯ ಒಂದು ಗೊತ್ತಾದ ವಿಳಾಸಕ್ಕೆ ಒಂದು ಅಂಕಿ ಬರೆಯುತ್ತದೆ, ಬರೆದದ್ದೇ ಕರೆ!

ಹಾಗಾದರೆ ಯಾವ ಸಾಧನ ಯಾವ ಸಾಲಿನಲ್ಲಿದೆ ಎಂದು ಆಗಷ್ಟೇ ಕಣ್ಣು ಬಿಡುತ್ತಿರುವ ಕರ್ನಲ್ಲಿಗೆ ಹೇಳುವವರು ಯಾರು? ಬಯೋಸ್ ಕೊಡುವ ಕೋಷ್ಟಕಗಳು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ ಹೊರತಂದ ಎಸಿಪಿಐ ಎಂಬ ಒಪ್ಪಂದದ ಪ್ರಕಾರ ಅವನ್ನು ಬರೆದಿರುತ್ತಾರೆ. ಬೂಟ್ ಹೊತ್ತಿನ ಗೋಳಿನ ಬಹುಪಾಲು ಹುಟ್ಟುವುದು ಇಲ್ಲೇ, ಈ ಕೋಷ್ಟಕ ಮತ್ತು ಅದನ್ನು ಓದುವ ಕರ್ನಲ್ ನಡುವೆ. ಒಂದು ಪದ ಹೆಚ್ಚುಕಡಿಮೆಯಾದರೆ ಸಾಕು.

2022ರಲ್ಲಿ ನಡೆದದ್ದು ಕೇಳಿ. ಎಎಂಡಿ ಪ್ರೊಸೆಸರಿನ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಲಿನಕ್ಸ್ ಏರುವ ಮೊದಲು ಕಾಣುವ ಗ್ರಬ್ ಮೆನು ಬಂದಾಗ ಕೀಬೋರ್ಡ್ ಸೊಗಸಾಗಿ ಕೆಲಸ ಮಾಡುತ್ತಿತ್ತು, ಲಿನಕ್ಸ್ ಏರಿದೊಡನೆ ಕೊರಡು! ಕೀಲಿಗಳು ಕೆಟ್ಟಿರಲಿಲ್ಲ. ಕೀಬೋರ್ಡ್ ಕರೆಯುವಾಗ ವೋಲ್ಟೇಜು ಇಳಿಯುತ್ತದೆ ಎಂದು ಬಯೋಸಿನ ಕೋಷ್ಟಕ ಸರಿಯಾಗಿಯೇ ಹೇಳಿತ್ತು. ಕರ್ನಲ್ ಹಳೆಯ ಕಾಲದ ರೂಢಿಯನ್ನು ನಂಬಿ, ಏರುತ್ತದೆ ಎಂದು ತಿದ್ದಿಕೊಂಡಿತ್ತು. ತಿದ್ದಿದ ಗುರುತು ಡಿಮೆಸ್ಜ್ ಆದೇಶ ಕೊಟ್ಟರೆ ಸಿಗುತ್ತಿತ್ತು: ‘ಐಆರ್‌ಕ್ಯೂ 1 ಓವರ್‌ರೈಡ್ ಟು ಎಡ್ಜ್, ಹೈ(!)’. ಆ ಆಶ್ಚರ್ಯಸೂಚಕ ಚಿಹ್ನೆ ನಾನು ಹಾಕಿದ್ದಲ್ಲ, ಕರ್ನಲ್ಲೇ ಮುದ್ರಿಸುತ್ತದೆ. ಕೋಷ್ಟಕದ ಮಾತಿಗೂ ತಾನು ಹಿಡಿದದ್ದಕ್ಕೂ ಎಲ್ಲಿ ತಾಳೆಯಾಗದೋ ಅಲ್ಲೇ ಅದು ಬೀಳುತ್ತದೆ. ಯಂತ್ರ ತನ್ನ ರೋಗದ ಜಾಗಕ್ಕೆ ತಾನೇ ಬೆರಳಿಟ್ಟು ತೋರಿಸುತ್ತದೆ!

ಆ ಬೆರಳನ್ನು ನಾವು ಕಾಣುವುದಿಲ್ಲ, ಏಕೆಂದರೆ ಬೂಟ್ ಆಗುವಾಗ ಬಣ್ಣದ ಚಿತ್ರವೊಂದು ಅದನ್ನು ಮುಚ್ಚಿರುತ್ತದೆ. ಕ್ಯಾತ್ಸಂದ್ರದಲ್ಲಿ ಕೋಣೆ ಹಿಡಿದು, ಬಿ.ಎಚ್. ರಸ್ತೆಯಲ್ಲಿ 1963ರಿಂದ ನಡೆಯುತ್ತಿರುವ ಸಿದ್ಧಗಂಗಾ ತಾಂತ್ರಿಕ ಕಾಲೇಜು ಎಸ್‌ಐಟಿಗೆ ಓಡಾಡುವ ಪ್ರತಿ ಎಂಜಿನಿಯರಿಂಗ್ ಹುಡುಗ, ಹುಡುಗಿ ಮೊದಲು ಮಾಡಬೇಕಾದ್ದು ಇದು: ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಕ್ವೈಟ್’, ‘ಸ್ಪ್ಲಾಶ್’ ಎಂಬ ಎರಡು ಪದ ಅಳಿಸಿ, ಎಫ್10 ಒತ್ತುವುದು. ಪರದೆ ಬಾಯಿ ಬಿಡುತ್ತದೆ. ನಿಂತ ಸಾಲಿನಲ್ಲಿ ಸಂಖ್ಯೆ ಇದ್ದರೆ ಬರೆದುಕೊಳ್ಳಿ. ‘ನೋಬಡಿ ಕೇರ್ಡ್’ ಕೆಳಗೆ ‘ಹ್ಯಾಂಡ್ಲರ್ಸ್’ ಎಂಬ ಪಟ್ಟಿಯೂ ಇರುತ್ತದೆ. ನನ್ನದಲ್ಲ ಎಂದವರೆಲ್ಲರ ಹೆಸರು ಅಲ್ಲಿದೆ.

ಯಂತ್ರ ಹೇಗೋ ಎದ್ದು ಕೂತು ಕುಂಟುತ್ತಿದ್ದರೆ ‘/ಪ್ರಾಕ್/ಇಂಟರಪ್ಟ್ಸ್’ ಕಡತವನ್ನು ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ತೆರೆಯಿರಿ. ಯಾವ ಸಾಲಿನ ಅಂಕಿ ಹುಚ್ಚೆದ್ದು ಏರಿದೆಯೋ ಅದೇ ಕಳ್ಳ. ಏರಿದ್ದು ‘ಎಸಿಪಿಐ’ ಎಂದು ಬರೆದ ಒಂಬತ್ತನೆಯದಾದರೆ ‘/ಸಿಸ್/ಫರ್ಮ್‌ವೇರ್/ಎಸಿಪಿಐ/ಇಂಟರಪ್ಟ್ಸ್’ ಒಳಗೆ ಇಣುಕಿ. ಅಲ್ಲಿ ಜಿಪಿಇ ಎಂಬ ಹತ್ತಾರು ಕಡತ, ಅವುಗಳಲ್ಲಿ ಒಂದರ ಎಣಿಕೆ ಲಕ್ಷ ದಾಟಿರುತ್ತದೆ. ಗ್ರಬ್ ಸಾಲಿನಲ್ಲಿ ‘ಎಸಿಪಿಐ_ಮಾಸ್ಕ್_ಜಿಪಿಇ=’ ಮುಂದೆ ಆ ಕಡತದ ಹೆಸರಿನ ಸಂಖ್ಯೆಯನ್ನು ‘0x’ ಸೇರಿಸಿ ಬರೆದು ಬೂಟ್ ಮಾಡಿದರೆ ಅದೊಂದರ ಬಾಯಿ ಮಾತ್ರ ಬಂದ್.

ಏಳದೇ ಇದ್ದರೆ? ಹೊರಗೆ ಚುಚ್ಚಿದ್ದೆಲ್ಲ ಕಿತ್ತು ನೋಡಿ, ಬಯೋಸಿನಲ್ಲಿ ಕಾರ್ಡ್ ರೀಡರ್, ಬ್ಲೂಟೂತ್‌ನಂಥವನ್ನು ಒಂದೊಂದಾಗಿ ಆರಿಸಿ. ಅದೇ ಗ್ರಬ್ ಸಾಲಿಗೆ ‘ಪಿಸಿಐ=ನೋಎಂಎಸ್‌ಐ’, ಆಮೇಲೆ ‘ನೋಏಪಿಕ್’, ಆಮೇಲೆ ‘ಐಆರ್‌ಕ್ಯೂಪೋಲ್’, ಒಂದು ಸಲಕ್ಕೆ ಒಂದೇ ಪದ ಸೇರಿಸಿ ನೋಡಿ; ಯಾವುದಕ್ಕೆ ಎದ್ದಿತು ಎಂಬುದೇ ಅರ್ಧ ಉತ್ತರ. ‘ಎಸಿಪಿಐ=ಆಫ್’ ಎಂಬ ಸಲಹೆಯನ್ನು ಎಲ್ಲರೂ ಮೊದಲೇ ಕೊಡುತ್ತಾರೆ. ನನ್ನ ಪ್ರಕಾರ ಅದು ಕಟ್ಟಕಡೆಯದು, ಅದೂ ಪರೀಕ್ಷೆಗಷ್ಟೇ. ಬ್ಯಾಟರಿ ಎಷ್ಟಿದೆ ಎಂಬ ಸುದ್ದಿ, ನಿದ್ದೆ ಮಾಡಿಸುವ ಸೌಕರ್ಯ ಎಲ್ಲವೂ ಅದರೊಂದಿಗೇ ಹೋಗುತ್ತವೆ. ಬಯೋಸಿನ ಹೊಸ ಆವೃತ್ತಿ ಬಂದಿದ್ದರೆ ಮಾತ್ರ ತಡಮಾಡದೆ ಹಾಕಿಸಿ; ತಪ್ಪು ಬರೆದ ಕೋಷ್ಟಕ ತಿದ್ದುವುದು ಅಲ್ಲೇ.

ಆ ಕೀಬೋರ್ಡ್‌ಗಳ ಕಥೆ ಎಲ್ಲಿಗೆ ಬಂತು ಗೊತ್ತೇ? ಕರ್ನಲ್ಲಿನ ‘ರಿಸೋರ್ಸ್.ಸಿ’ ಎಂಬ ಕಡತದಲ್ಲಿ ಇವತ್ತು ಒಂದು ಪಟ್ಟಿಯೇ ಇದೆ: ಒಂದನೆಯ ಸಾಲಿನ ವಿಷಯದಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕಾದ ಲ್ಯಾಪ್‌ಟಾಪ್‌ಗಳು, ಒಂದೊಂದೂ ಹೆಸರು ಹಿಡಿದು. ಎಲ್ಲೆಲ್ಲಿಯೋ ಕೂತವರು ತಮ್ಮ ಯಂತ್ರದ ವರದಿ ಕಳಿಸಿದ್ದರಿಂದ ಬೆಳೆದ ಪಟ್ಟಿ ಅದು. ಹಾಗೆ ಸೇರಿದ ಯಂತ್ರ ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಕರ್ನಲ್ ಏರಿಸಿಕೊಂಡರೂ ಕೀಬೋರ್ಡ್ ತಾನಾಗಿಯೇ ಮಾತಾಡುತ್ತದೆ! ಕ್ಯಾತ್ಸಂದ್ರದ ಕೋಣೆಯಿಂದಲೂ ಅಂಥ ವರದಿ ಹೋಗಬಹುದು. ಅದಕ್ಕೆ ಬೇಕಾದ್ದು ಡಿಮೆಸ್ಜ್‌ನ ಪೂರ್ತಿ ಪ್ರತಿ, ತಯಾರಕರ ಹೆಸರು, ಬೋರ್ಡಿನ ಹೆಸರು. ಕಡೆಯ ಎರಡನ್ನೂ ‘ಡಿಎಂಐಡಿಕೋಡ್’ ಎಂಬ ಒಂದೇ ಆದೇಶ ಹೇಳುತ್ತದೆ.