ಫ್ಲಾಪಿಯಲ್ಲಿ ಬಂದ ರಾಜಕುಮಾರ

ಮನೆಯಲ್ಲಿ ತೆಲುಗು ಆಡಲಿ, ಕನ್ನಡ ಆಡಲಿ, ಮೊಬೈಲ್ ಆಟದ ಮುಂದೆ ನಮ್ಮ ಗಡಿನಾಡ ಮಕ್ಕಳೆಲ್ಲ ಒಂದೇ. ಬೆರಳು ತಾಗಿಸಿದರೆ ಆಟ ಸಿದ್ಧ. 1990ರ ದಶಕದಲ್ಲಿ ಹೀಗಿರಲಿಲ್ಲ. ಆಗ ಕಂಪ್ಯೂಟರ್ ಆಟ ಬರುತ್ತಿದ್ದುದು ಫ್ಲಾಪಿಯಲ್ಲಿ.

ಫ್ಲಾಪಿ ಎಂದರೆ ಪ್ಲಾಸ್ಟಿಕ್ ಕವಚದೊಳಗಿನ ಒಂದು ತೆಳು ತಟ್ಟೆ. ಹಾಡಿನ ಕ್ಯಾಸೆಟ್ಟಿನ ಟೇಪಿಗಿರುವಂತೆ ಅದಕ್ಕೂ ಕಾಂತಗುಣದ ಲೇಪವಿರುತ್ತದೆ. ಮೂರೂವರೆ ಅಂಗುಲದ ಫ್ಲಾಪಿ ಹಿಡಿಯುತ್ತಿದ್ದುದು 1.44 ಎಂಬಿ, ಅಂದರೆ ಸುಮಾರು 14 ಲಕ್ಷ ಇಂಗ್ಲಿಷ್ ಅಕ್ಷರ. ಈಗಿನ ಮೊಬೈಲಿನ ಒಂದು ಫೋಟೋ ಕೂಡ ಎಷ್ಟೋ ಸಲ ಅದರಲ್ಲಿ ಹಿಡಿಸದು.

ಒಂದು ಮೂಟೆಗೆ ಹಿಡಿಸದ ಕಡಲೆಕಾಯಿಯನ್ನು ನಾಲ್ಕು ಮೂಟೆಗೆ ತುಂಬುವಂತೆ, ದೊಡ್ಡ ಆಟವನ್ನು ಹಲವು ಫ್ಲಾಪಿಗಳಿಗೆ ಹಂಚಿರುತ್ತಿದ್ದರು. ಮೊದಲನೆಯದನ್ನು ಹಾಕಿ ‘ಇನ್‌ಸ್ಟಾಲ್’ ಎಂದು ಟೈಪು ಮಾಡಿದರೆ ಡ್ರೈವ್ ಗರಗರ ಸದ್ದು ಮಾಡುತ್ತ ಓದಿ, ಎರಡನೆಯದನ್ನು ಕೇಳುತ್ತಿತ್ತು. ಕೊನೆಯದರಲ್ಲಿ ಧೂಳು ಕೂತಿದ್ದರೆ ‘ಅಬಾರ್ಟ್, ರೀಟ್ರೈ, ಫೇಲ್’ ಎಂಬ ಸಾಲು ಕಾಣುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ! ಕೈಯಿಂದ ಕೈಗೆ ಹೋಗುವ ಫ್ಲಾಪಿಯಲ್ಲಿ ವೈರಸ್ಸೂ ಹರಡುತ್ತಿತ್ತು. 1986ರಲ್ಲಿ ಲಾಹೋರಿನಿಂದ ಹೊರಟ ‘ಬ್ರೈನ್’ ಹರಡಿದ್ದು ಹೀಗೆಯೇ. ಫ್ಲಾಪಿಯ ಮೂಲೆಯ ಪುಟ್ಟ ಕಿಂಡಿಯನ್ನು ತೆರೆದಿಟ್ಟರೆ ಅದರ ಮೇಲೆ ಏನನ್ನೂ ಬರೆಯಲಾಗದು. ಬ್ಯಾಂಕಿನಲ್ಲಿ ನಾವೂ ದಿನದ ಲೆಕ್ಕವನ್ನು ಫ್ಲಾಪಿಗೆ ಇಳಿಸಿ, ಈ ಕಿಂಡಿ ತೆರೆದ ಮೇಲೆಯೇ ಡಬ್ಬಿಗೆ ಹಾಕುತ್ತಿದ್ದೆವು.

ಆಗಿನ ಆಟಗಳಲ್ಲಿ ಬಹಳ ಹೆಸರಾದದ್ದು ‘ಪ್ರಿನ್ಸ್ ಆಫ್ ಪರ್ಷಿಯಾ’. ಅಮೆರಿಕದ ಜೋರ್ಡನ್ ಮೆಕ್ನರ್ ಅದನ್ನು 1989ರಲ್ಲಿ ಆಪಲ್ ಕಂಪ್ಯೂಟರಿಗಾಗಿ ರಚಿಸಿದರು. ಮರುವರ್ಷ ಅದು ಡಾಸ್‌ಗೂ ಬಂತು. 60 ನಿಮಿಷದೊಳಗೆ ಹೊಂಡ, ಮುಳ್ಳು, ಕತ್ತಿಗಳನ್ನೆಲ್ಲ ದಾಟಿ ರಾಜಕುಮಾರಿಯನ್ನು ಬಿಡಿಸಬೇಕು. ಮೆಕ್ನರ್ ತಮ್ಮ ಸೋದರನನ್ನು ಓಡಿಸಿ, ನೆಗೆಸಿ, ಅದರ ವಿಡಿಯೋ ನೋಡಿ ಚಿತ್ರ ಬರೆದಿದ್ದರು. ಅದಕ್ಕೇ ಆ ರಾಜಕುಮಾರನ ಓಟ ಅಷ್ಟು ಸಹಜ. ಇಂಗ್ಲಿಷ್ ಬಾರದವರೂ ಬಾಣದ ಗುರುತಿನ ಕೀಲಿ ಒತ್ತಿ ಆಡಬಹುದಿತ್ತು.

ಈ ಆಟದ ಮೂಲ ಬರಹ ಕಳೆದೇಹೋಯಿತೆಂದು ಮೆಕ್ನರ್ ತಿಳಿದಿದ್ದರು. 2012ರಲ್ಲಿ ಅವರ ತಂದೆಗೆ ಪೆಟ್ಟಿಗೆಯೊಂದರಲ್ಲಿ ಹಳೆಯ ಫ್ಲಾಪಿಗಳು ಸಿಕ್ಕವು. ತಿಳಿದವರು ಜೋಪಾನವಾಗಿ ಓದಿದಾಗ, ಇಪ್ಪತ್ತು ವರ್ಷ ದಾಟಿದ್ದರೂ ಬರಹ ಉಳಿದಿತ್ತು.

ಎಲ್ಲರಿಗೂ ಆ ಅದೃಷ್ಟವಿಲ್ಲ. ಕಾಂತಗುಣ ವರ್ಷಕಳೆದಂತೆ ಕ್ಷೀಣಿಸುತ್ತದೆ. ನಮ್ಮ ಕಡೆಯ ಬಿಸಿಲು, ಧೂಳು ಬೇರೆ. ನಿಮ್ಮ ಅಟ್ಟದ ಮೇಲಿನ ಫ್ಲಾಪಿಯಲ್ಲಿ ಮಕ್ಕಳ ಆಟವಷ್ಟೇ ಅಲ್ಲ, ಸಂಘದ ಲೆಕ್ಕವೋ, ಯಾರೋ ಕನ್ನಡದಲ್ಲಿ ಟೈಪು ಮಾಡಿಟ್ಟ ಜಾತ್ರೆಯ ಪದವೋ ಇರಬಹುದು. ಬಿಸಾಡಬೇಡಿ. ಕಿಂಡಿ ತೆರೆದು, ಯುಎಸ್‌ಬಿ ಫ್ಲಾಪಿ ಡ್ರೈವ್ ಇರುವವರಲ್ಲಿ ಪೂರ್ತಿ ನಕಲು ಮಾಡಿಸಿ. ಕನ್ನಡ ಬರಹ ಅಡ್ಡಾದಿಡ್ಡಿಯಾಗಿ ಕಂಡರೆ ಕೆಟ್ಟಿತೆಂದು ಅಳಿಸಬೇಡಿ. ಅದಕ್ಕೆ ಆಗಿನ ಫಾಂಟು ಬೇಕಾದೀತು. ಹಳೆಯ ಆಟವನ್ನು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಈಗಲೂ ಆಡಬಹುದು. ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.