ಮಣಿಕಟ್ಟಿನ ಹಸಿರು ಬೆಳಕು ಎಣಿಸುವುದು ಏನನ್ನು?

ಹೊನ್ನಾಳಿ ಕಡೆಯ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ವಯಸ್ಸು ಇಪ್ಪತ್ತೆರಡು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸಿದ್ದಾರೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. "ಸರ್, ಅಣ್ಣ ಸ್ಮಾರ್ಟ್‌ವಾಚ್ ಕೊಡಿಸಿದಾನೆ. ಬೆಳಿಗ್ಗೆ ಓಟ ಶುರು ಮಾಡಿ ಅರ್ಧ ನಿಮಿಷ ಆಗಿರಲ್ಲ, ಹಾರ್ಟ್‌ರೇಟ್ 172 ತೋರಿಸ್ತದೆ. ನಿಧಾನ ಓಡಿದ್ರೂ ಹೆಚ್ಚುಕಮ್ಮಿ ಅಷ್ಟೇ, ಜೋರು ಓಡಿದ್ರೂ ಅಷ್ಟೇ. ನನಗೆ ಏದುಸಿರೇನೂ ಇರಲ್ಲ. ಅಮ್ಮ ಮಾತ್ರ ಅದನ್ನ ನೋಡಿ, 'ನೀ ಓಡೋದೇ ಬ್ಯಾಡ, ಅಪ್ಪುಗೆ ಆಗಿದ್ದು ಗೊತ್ತಿಲ್ವಾ' ಅಂತಾರೆ. ಓಡಬೇಕೋ, ಬಿಡಬೇಕೋ?"

ಎದೆನೋವು, ತಲೆಸುತ್ತು ಇಲ್ಲವೆಂದಾದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡವರು ಇಲ್ಲವೆಂದಾದರೆ, ಓಡಿ. ಆ 172 ಬಹುಮಟ್ಟಿಗೆ ನಿಮ್ಮ ಹೃದಯದ ಲೆಕ್ಕವಲ್ಲ, ಪಾದದ ಲೆಕ್ಕ! ಈ ಪ್ರಶ್ನೆ ಓದಿ ನನಗೆ ಎಷ್ಟು ಖುಷಿಯಾಯಿತೆಂದರೆ, ವಾಚು ಹೇಗೆ ಮೋಸಹೋಗುತ್ತದೆ ಎಂಬುದನ್ನು ಹೇಳುವುದಕ್ಕೇ ಈ ಸಲದ ಅಂಕಣವನ್ನು ಮೀಸಲಿಡುತ್ತಿದ್ದೇನೆ.

ವಾಚು ಹೃದಯದ ಬಡಿತವನ್ನು ಕೇಳಿಸಿಕೊಳ್ಳುವುದಿಲ್ಲ, ನೋಡುತ್ತದೆ. ಅದನ್ನು ಬಿಚ್ಚಿ ಮಗುಚಿದರೆ ಕಾಣುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ಪಕ್ಕದ ಪುಟ್ಟ ಕಣ್ಣು ಎಷ್ಟು ಬೆಳಕು ವಾಪಸು ಬಂತು ಎಂದು ಅಳೆಯುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಅದು ಕೆಂಪಾಗಿ ಕಾಣುವುದೂ ಅದಕ್ಕೇ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ತುಸು ಉಬ್ಬುತ್ತದೆ, ವಾಪಸು ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿ ಸಿಕ್ಕಿತು. ಇದು ಹೊಸ ಉಪಾಯವೇನೂ ಅಲ್ಲ. 1930ರ ದಶಕದ ಕೊನೆಯಲ್ಲೇ ಅಮೆರಿಕದ ಶರೀರವಿಜ್ಞಾನಿ ಆಲ್ರಿಕ್ ಹರ್ಟ್ಸ್‌ಮನ್ ಬೆಳಕು ಹಾಯಿಸಿ ರಕ್ತದ ಏರಿಳಿತ ಅಳೆಯುವ ಸಾಧನವನ್ನು ರೂಪಿಸಿದ್ದರು. ಕೊರೊನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ಕೂಡ ಇದೇ ವಂಶದ್ದು. ಅದು ಕೆಂಪು ಮತ್ತು ಅವಕೆಂಪು ಬೆಳಕು ಬಳಸುತ್ತದೆ, ಅಷ್ಟೇ.

ಕಷ್ಟ ಇರುವುದು ಆ 'ತುಸು' ಎಂಬಲ್ಲಿ. ವಾಪಸು ಬರುವ ಬೆಳಕಿನಲ್ಲಿ ಬಡಿತದಿಂದ ಆಗುವ ಏರಿಳಿತ ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದೆಲ್ಲ ಚರ್ಮ, ಕೊಬ್ಬು, ಸ್ನಾಯುಗಳಿಂದ ಬಂದದ್ದು, ಬದಲಾಗದ್ದು. ಕುರ್ಚಿಯಲ್ಲಿ ಕೂತಿದ್ದಾಗ ಆ ಒಂದೆರಡು ಪಾಲನ್ನು ಹೆಕ್ಕುವುದು ವಾಚಿಗೆ ಸಲೀಸು. ಎದ್ದು ಓಡಲು ಶುರು ಮಾಡಿ. ಪಾದ ನೆಲಕ್ಕೆ ಬಿದ್ದಾಗಲೆಲ್ಲ ತೋಳು ಜಗ್ಗುತ್ತದೆ, ಮಣಿಕಟ್ಟಿನ ಸಿರೆಗಳಲ್ಲಿರುವ ರಕ್ತ ಕುಲುಕುತ್ತದೆ, ವಾಚೇ ಚರ್ಮದ ಮೇಲೆ ಕೂದಲೆಳೆಯಷ್ಟು ಜರುಗುತ್ತದೆ. ಈ ಕುಲುಕಾಟ ಬೆಳಕಿನಲ್ಲಿ ಎಬ್ಬಿಸುವ ಅಲೆ ಹೃದಯ ಎಬ್ಬಿಸುವ ಅಲೆಗಿಂತ ಎಷ್ಟೋ ದೊಡ್ಡದು. ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತವನಿಗೆ ಗೆಳೆಯನ ಪಿಸುಮಾತು ಕೇಳುವುದು ಎಷ್ಟು ಕಷ್ಟವೋ ವಾಚಿಗೆ ಅಷ್ಟೇ ಕಷ್ಟ.

ಸ್ವಾರಸ್ಯ ಇರುವುದು ಇಲ್ಲೇ. ಓಡುವವರ ಹೆಜ್ಜೆ ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 180. ಚೆನ್ನಾಗಿ ದುಡಿಯುತ್ತಿರುವ ಹೃದಯದ ಬಡಿತವೂ ಅದೇ ಆಸುಪಾಸಿನದು. ಎರಡೂ ತಾಳಬದ್ಧ, ಎರಡೂ ಒಂದೇ ವ್ಯಾಪ್ತಿಯವು. ಬೇರೆ ಸದ್ದಾಗಿದ್ದರೆ ವಾಚು ಗುರುತಿಸಿ ತೆಗೆದುಹಾಕುತ್ತಿತ್ತು. ಹೆಜ್ಜೆ ಮಾತ್ರ ಹೃದಯದ ವೇಷದಲ್ಲೇ ಬರುತ್ತದೆ. ವಾಚಿನೊಳಗೆ ಅಲುಗಾಟ ಅಳೆಯುವ ಇನ್ನೊಂದು ಸಂವೇದಕವಿದೆ, ಅದರ ಲೆಕ್ಕವನ್ನು ಕಳೆದು ಉಳಿದದ್ದನ್ನು ನಾಡಿ ಎಂದು ತೋರಿಸುವುದು ತಯಾರಕರ ಜಾಣತನ. ಆದರೂ ಒಮ್ಮೊಮ್ಮೆ ಲೆಕ್ಕ ಜಾರಿ ಹೆಜ್ಜೆಗೇ ಅಂಟಿಕೊಂಡುಬಿಡುತ್ತದೆ. ನಿಧಾನ ಓಡಿದರೂ ಜೋರು ಓಡಿದರೂ ಸಂಖ್ಯೆ ಅಷ್ಟಾಗಿ ಬದಲಾಗದಿರಲು ಕಾರಣವೂ ಇದೇ. ವೇಗ ಹೆಚ್ಚಿಸುವಾಗ ನಾವು ಬಹುಮಟ್ಟಿಗೆ ಹೆಜ್ಜೆಯನ್ನು ಉದ್ದ ಮಾಡುತ್ತೇವೆ, ಹೆಜ್ಜೆಗಳ ಸಂಖ್ಯೆ ಸ್ವಲ್ಪವೇ ಏರುತ್ತದೆ.

ಪರೀಕ್ಷೆ ಸುಲಭ. ನಿಧಾನವಾಗಿ ಓಡುತ್ತಲೇ ಬೇಕೆಂದು ಪುಟ್ಟಪುಟ್ಟ ಚುರುಕು ಹೆಜ್ಜೆ ಇಡಿ. ಸಂಖ್ಯೆ ಆ ಕ್ಷಣವೇ ಮೇಲೆ ಹಾರಿದರೆ ಅದು ಪಾದದ್ದು. ಆಮೇಲೆ ನಿಂತು, ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಬೆರಳು ಸುಳ್ಳು ಹೇಳುವುದಿಲ್ಲ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಜರುಗದಂತೆ ಕಟ್ಟಿ. ಅದರಡಿ ಕಪ್ಪು ದಾರ, ಕೆಂಪು ದಾರ ಇದ್ದರೆ ಬಿಚ್ಚಿ ಆಚೆ ಕೈಗೆ ಕಟ್ಟಿಕೊಳ್ಳಿ. ಆ ಸಂದಿನಿಂದ ಬಿಸಿಲು ನುಸುಳುತ್ತದೆ. ಡಿಸೆಂಬರಿನ ಮುಂಜಾನೆ ಜಗಳೂರಿನ ಬಯಲಲ್ಲಿ ಓಡುವವರಿಗೆ ಇನ್ನೊಂದು ತೊಡಕಿದೆ. ಚಳಿಗೆ ಚರ್ಮದ ನಾಳಗಳು ಮುದುಡುತ್ತವೆ, ವಾಚಿಗೆ ಕಾಣಬೇಕಾದ ರಕ್ತವೇ ಅಲ್ಲಿ ಕಡಿಮೆ. ಹತ್ತು ನಿಮಿಷ ಮೈ ಬಿಸಿಯಾಗುವವರೆಗೆ ಅದರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಚನ್ನಗಿರಿಯ ಅಡಿಕೆ ತೋಟವೊಂದರಲ್ಲಿ ನಾನು ಇದರ ತದ್ವಿರುದ್ಧವನ್ನು ನೋಡಿದ್ದೇನೆ. ಕೊನೆ ಕೊಯ್ಯಲು ಮರ ಹತ್ತುವ ಯುವಕನ ಕೈಗೆ ನನ್ನ ವಾಚು ಕಟ್ಟಿದ್ದೆ. ಅವನು ಇಳಿದು ಬಂದಾಗ ಅದು ತೊಂಬತ್ತರ ಆಸುಪಾಸು ತೋರಿಸುತ್ತಿತ್ತು, ಕುತ್ತಿಗೆಯ ನಾಡಿ ಮಾತ್ರ ಅದಕ್ಕಿಂತ ಬಹಳ ಮೇಲಿತ್ತು. ಮರವನ್ನು ಬಿಗಿಯಾಗಿ ತಬ್ಬಿ ಹಿಡಿದಾಗ ಮಣಿಕಟ್ಟಿನ ಸ್ನಾಯುರಜ್ಜುಗಳು ಸೆಟೆದು ವಾಚನ್ನು ಚರ್ಮದಿಂದ ಎತ್ತುತ್ತವೆ, ರಕ್ತವನ್ನು ಹಿಂಡುತ್ತವೆ. ಜಿಮ್ಮಿನಲ್ಲಿ ಭಾರ ಎತ್ತುವವರ ವಾಚು ತಪ್ಪು ಹೇಳುವುದೂ ಹೀಗೇ. ಅಡಿಕೆ ಮರ ಏರುವವರ ಹೃದಯ ಎಷ್ಟು ದುಡಿಯುತ್ತದೆ ಎಂಬುದನ್ನು ಯಾರಾದರೂ ಅಚ್ಚುಕಟ್ಟಾಗಿ ಅಳೆಯಬೇಕು. ಅದಕ್ಕೆ ಎದೆಪಟ್ಟಿಯೇ ಬೇಕು.

ಎದೆಪಟ್ಟಿ ಬೆಳಕಿನ ಗೊಡವೆಗೇ ಹೋಗುವುದಿಲ್ಲ, ಇಸಿಜಿಯಂತೆ ಹೃದಯದ ವಿದ್ಯುತ್ತನ್ನು ನೇರವಾಗಿ ಹಿಡಿಯುತ್ತದೆ. ಫಿನ್ಲೆಂಡಿನ ಪ್ರಾಧ್ಯಾಪಕ ಸೆಪ್ಪೊ ಸೈನಾಯಕಂಗಾಸ್ 1977ರಲ್ಲಿ ಪೋಲಾರ್ ಕಂಪನಿ ಕಟ್ಟಿದರು. ಹಿಮದಲ್ಲಿ ಸ್ಕೀ ಮಾಡುವ ಕ್ರೀಡಾಪಟುಗಳ ನಾಡಿಯನ್ನು ಅವರು ಓಡುತ್ತಿರುವಾಗಲೇ ಅಳೆಯಬೇಕೆಂಬುದು ಸೆಪ್ಪೊ ಅವರ ಹಂಬಲ. ಎದೆಗೆ ಪಟ್ಟಿ, ಕೈಗೆ ವಾಚು, ನಡುವೆ ತಂತಿಯಿಲ್ಲ ಎಂಬ ಸಾಧನ 1982ರಲ್ಲಿ ಮಾರುಕಟ್ಟೆಗೆ ಬಂತು. ಓಟಕ್ಕೆ ಇವತ್ತಿಗೂ ಹೆಚ್ಚು ನಂಬಬಹುದಾದದ್ದು ಪಟ್ಟಿಯೇ.

ಹಾಗಾದರೆ 172 ನಿಜವಾಗಿದ್ದರೂ ಅಪಾಯವೇ? ಅನೇಕ ವಾಚುಗಳು ಎಚ್ಚರಿಕೆ ಕೊಡುವುದು '220ರಿಂದ ವಯಸ್ಸು ಕಳೆ' ಎಂಬ ಸೂತ್ರ ಹಿಡಿದು. 1970ರ ಸುಮಾರಿಗೆ ಅಮೆರಿಕದ ಇಬ್ಬರು ಸಂಶೋಧಕರು ಹಿಂದಿನ ಕೆಲವು ಅಧ್ಯಯನಗಳ ಅಂಕಿಗಳ ನಡುವೆ ಗೆರೆ ಎಳೆದಾಗ ಹುಟ್ಟಿದ ಅಂದಾಜು ಅದು. 2001ರಲ್ಲಿ ಹಿರೋಫುಮಿ ತನಾಕ ಮತ್ತು ಸಂಗಡಿಗರು ಇನ್ನಷ್ಟು ದೊಡ್ಡ ಲೆಕ್ಕ ಹಾಕಿ, ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಿರಿ ಎಂದರು. ಎರಡೂ ಸರಾಸರಿ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಇಪ್ಪತ್ತೆರಡರ ಯುವಕನಿಗೆ ಇವು 198 ಮತ್ತು 193ರ ಸುಮಾರು ಕೊಡುತ್ತವೆ. ಓಟದ ಕೊನೆಯ ಸುತ್ತಿನಲ್ಲಿ 172 ನಿಜವಾಗಿಯೇ ಬಂದರೂ ಗಾಬರಿಯಾಗಬೇಕಿಲ್ಲ.

ಗಾಬರಿಯ ಬೇರು ಇನ್ನೊಂದಿದೆ. ಉಸಿರು, ಬಡಿತ ಎಲ್ಲವನ್ನೂ ದೇವರು ಎಣಿಸಿಯೇ ಕೊಟ್ಟಿದ್ದಾನೆ, ಓಡಿದರೆ ಬೇಗ ಖರ್ಚಾಗುತ್ತದೆ ಎಂಬ ಮಾತನ್ನು ನ್ಯಾಮತಿಯ ವಾಕಿಂಗ್ ಹಾದಿಯಲ್ಲೂ ಕೇಳಿದ್ದೇನೆ, ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಎಣಿಸಿಯೇ ನೋಡೋಣ. ನಿಮಿಷಕ್ಕೆ 75 ಬಡಿಯುವ ಹೃದಯ ದಿನಕ್ಕೆ 1,08,000 ಸಲ ಬಡಿಯುತ್ತದೆ. ಕೆಲವು ತಿಂಗಳು ನಿತ್ಯ ವ್ಯಾಯಾಮ ಮಾಡಿದರೆ ವಿಶ್ರಾಂತಿಯ ಬಡಿತ ಇಳಿಯುತ್ತದೆ. 65ಕ್ಕೆ ಇಳಿಯಿತು ಎನ್ನೋಣ. ದಿನಕ್ಕೆ ಅರ್ಧ ಗಂಟೆ 140ರಲ್ಲಿ ಓಡಿದರೆ 4,200, ಉಳಿದ ಇಪ್ಪತ್ತಮೂರೂವರೆ ಗಂಟೆಗೆ 91,650. ಒಟ್ಟು 95,850. ಓಡುವವನಿಗೇ ದಿನಕ್ಕೆ ಹನ್ನೆರಡು ಸಾವಿರ ಬಡಿತ ಉಳಿತಾಯ!

ಈ ನಂಬಿಕೆಯ ಪಕ್ಕದಲ್ಲೇ ಒಂದು ಸೊಗಸಾದ ಸತ್ಯವಿದೆ. ಭದ್ರಾ ಕಡೆಯಿಂದ ಚನ್ನಗಿರಿಯ ಉಬ್ರಾಣಿ ಕಾಡಿಗೆ ಬರುವ ಆನೆಯ ಹೃದಯ ನಿಮಿಷಕ್ಕೆ ಸುಮಾರು 30 ಸಲ ಬಡಿಯುತ್ತದೆ. ಅತಿ ಚಿಕ್ಕ ಜಾತಿಯ ಸುಂಡಿಲಿಯದು ಸಾವಿರ ದಾಟುತ್ತದೆ. ಆನೆ ಅರವತ್ತು ವರ್ಷ ಬಾಳುತ್ತದೆ, ಸುಂಡಿಲಿ ಎರಡು ವರ್ಷ. ಆದರೂ ಸಸ್ತನಿಗಳ ಇಡೀ ಬದುಕಿನ ಬಡಿತ ಕೂಡಿದರೆ ಹೆಚ್ಚಿನವಕ್ಕೆ ನೂರು ಕೋಟಿಯ ಸುತ್ತಮುತ್ತಲೇ ಬರುತ್ತದೆ. ಮನುಷ್ಯ ಮಾತ್ರ ಈ ಲೆಕ್ಕ ಮುರಿದು ಇನ್ನೂರೈವತ್ತು ಕೋಟಿ ದಾಟುತ್ತಾನೆ. ನಮ್ಮ ಆಯುಷ್ಯ ಹೆಚ್ಚಿಸಿದ್ದು ಲಸಿಕೆ, ಶುದ್ಧ ನೀರು, ಹೊಟ್ಟೆಗೆ ಊಟ.

ಇನ್ನು ಆ ತಾಯಿಯ ಭಯ. 2021ರ ಅಕ್ಟೋಬರ್ 29ರಂದು ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್, 46ನೇ ವಯಸ್ಸಿಗೇ ತೀರಿಕೊಂಡಾಗ ರಾಜ್ಯಕ್ಕೆ ರಾಜ್ಯವೇ ಬೆಚ್ಚಿತು. ಜನ ಹೃದಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ಸಾಲುಗಟ್ಟಿದರು, ಜಿಮ್ ಬಿಟ್ಟವರೂ ಉಂಟು. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಭಯಕ್ಕೆ ವಾಚಿನಲ್ಲಿ ಉತ್ತರವಿಲ್ಲ ಎಂಬುದು ಗೊತ್ತಿರಬೇಕು. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಮುಚ್ಚಿಹೋಗುವುದು. ನಾಳ ಮುಚ್ಚುತ್ತಿರುವಾಗಲೂ ಬಡಿತ ನಿಮಿಷಕ್ಕೆ 78 ಇರಬಹುದು, ವಾಚು ಹಸಿರು ಗುರುತು ತೋರಿಸುತ್ತಲೇ ಇರಬಹುದು. ಬೆರಳು ಮುಟ್ಟಿಸಿ ಇಸಿಜಿ ತೆಗೆಯುವ ದುಬಾರಿ ವಾಚುಗಳೂ ಹಿಡಿಯಬಲ್ಲದ್ದು ಬಡಿತದ ತಾಳ ತಪ್ಪುವುದನ್ನು, ಹೃದಯಾಘಾತವನ್ನಲ್ಲ.

ಅದನ್ನು ಹಿಡಿಯುವುದು ಎದೆಗೂ ಕೈಕಾಲಿಗೂ ಹತ್ತು ಕಡೆ ತಂತಿ ಹಚ್ಚಿ ತೆಗೆಯುವ ಆಸ್ಪತ್ರೆಯ ಇಸಿಜಿ. ಪುನೀತ್ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ: ತಾಲ್ಲೂಕು ಮಟ್ಟದಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ತಜ್ಞರಿಗೆ ಕಳಿಸುವುದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹಬ್ಬಿ, ಬೆವರು ಕಿತ್ತುಕೊಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ. ಆ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಯಲ್ಲಿ ಬಿದ್ದರೆ ಅತಿ ಹೆಚ್ಚು ಸ್ನಾಯು ಉಳಿಯುತ್ತದೆ, ಹನ್ನೆರಡು ಗಂಟೆ ದಾಟಿದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ.